ಎಡ ಕಿವಿಯ ಶಬ್ದ

ಸೆಪ್ಟೆಂಬರ್ 16, ಮಂಗಳವಾರ ಸಂಜೆ 7 ಗಂಟೆ 5 ನಿಮಿಷಕ್ಕೆ ಸುಜಿತ್ ತನ್ನ ಒಂಬತ್ತು ವರ್ಷದ ಮಗಳು ದೀಕ್ಷಿತಾಳ ಎಡ ಕಿವಿಗೆ ಹೊಡೆದ. ಬಿಡಿಸಿದ ಅಂಗೈಯ ಪೂರ್ತಿ ಏಟು. ಅವಳಿಗೆ ಬಿಕ್ಕಳಿಕೆ ಬಂದಿತ್ತು. ಕಾರಣ ಅಷ್ಟೇ.

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಹಳೆಯ ಕಟ್ಟಡವೊಂದರ ಏಳನೇ ಮಹಡಿಯಲ್ಲಿ ಅವರ ಮನೆ. ಒಂದು ಹಾಲ್, ಒಂದು ಬೆಡ್‌ರೂಮ್, ಕಿಟಕಿಯಿಲ್ಲದ ಅಡುಗೆಮನೆ. ಸುಜಿತ್ ಕಾಪುವಿನವನು, ವಯಸ್ಸು ನಲವತ್ತೊಂದು, ಕಟ್ಟಡ ನಿರ್ವಹಣೆಯ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಹೆಂಡತಿ ಸುಪ್ರೀತಾ ಅವನಿಗಿಂತ ಐದು ವರ್ಷ ಚಿಕ್ಕವಳು, ಉಡುಪಿಯವಳು. ಮದುವೆಯಾಗಿ ಹನ್ನೊಂದು ವರ್ಷ. ಹೊಡೆತ ಶುರುವಾದದ್ದು ಎರಡನೇ ವರ್ಷದಲ್ಲಿ. ಒಮ್ಮೆ ಅವಳ ಮಣಿಕಟ್ಟಿನ ಮೂಳೆ ಮುರಿದಿತ್ತು, ಇನ್ನೊಮ್ಮೆ ಮುಂದಿನ ಹಲ್ಲು ಚೂರಾಗಿತ್ತು. ಮಗಳ ಮೇಲೆ ಅವನು ಅದುವರೆಗೆ ಕೈ ಮಾಡಿರಲಿಲ್ಲ.

ಸುಜಿತ್ ಧ್ಯಾನಕ್ಕೆ ಸೇರಿದ್ದೇ ಸಿಟ್ಟು ಬಿಡಲಿಕ್ಕೆಂದು. ಹಿಂದಿನ ವರ್ಷ ಜುಲೈಯಲ್ಲಿ ಚಾಲಕನೊಬ್ಬನ ಕುತ್ತಿಗೆ ಹಿಡಿದು ವ್ಯಾನಿನ ಬಾಗಿಲಿಗೆ ಗುದ್ದಿಸಿದ್ದಕ್ಕೆ ಕಂಪನಿ ಎಚ್ಚರಿಕೆಯ ಪತ್ರ ಕೊಟ್ಟಿತ್ತು. ಎರಡನೇ ಪತ್ರ ಬಂದರೆ ವೀಸಾ ರದ್ದಾಗುತ್ತಿತ್ತು. ಆಗ ಸಹೋದ್ಯೋಗಿಯೊಬ್ಬ, ಧ್ಯಾನ ಕಲಿಸುವ ಇವಾನ್ ಅವರ ನಂಬರ್ ಕೊಟ್ಟ. ಇವಾನ್ ಮಂಗಳೂರಿನವರು. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಹನ್ನೊಂದು ವರ್ಷ ಸರಕು ಖರೀದಿಯ ಕೆಲಸದಲ್ಲಿದ್ದಾಗ ತಾವೊ ಮಂದಿರವೊಂದರ ಹಿರಿಯರಿಂದ ಧ್ಯಾನ ಕಲಿತವರು. ಶನಿವಾರ ಬೆಳಿಗ್ಗೆ ಕಡಲತೀರದ ಕಾರ್ನಿಷ್‌ನ ಹುಲ್ಲಿನ ಮೇಲೆ ಆರೇಳು ಮಂದಿ ಸ್ನೇಹಿತರ ಜೊತೆ ಕೂರುತ್ತಿದ್ದರು.

ಅವರು ಹೇಳಿಕೊಡುತ್ತಿದ್ದ ಕ್ರಮ ಸರಳ. ಎರಡೂ ಅಂಗೈಗಳಿಂದ ಕಿವಿ ಮುಚ್ಚಬೇಕು, ಬೆರಳುಗಳು ತಲೆಯ ಹಿಂಬದಿಗೆ ಬರಬೇಕು. ತೋರುಬೆರಳನ್ನು ನಡುಬೆರಳಿನ ಮೇಲಿಟ್ಟು ಜಾರಿಸಿ ಬುರುಡೆಗೆ ಇಪ್ಪತ್ತನಾಲ್ಕು ಸಲ ತಟ್ಟಬೇಕು. ಒಳಗೆ ಡೋಲು ಬಡಿದ ಹಾಗೆ ಕೇಳುತ್ತದೆ. ಆಮೇಲೆ ಕೈ ತೆಗೆದು, ಉಳಿದ ಶಬ್ದವನ್ನು ಕೇಳುತ್ತ ಕೂರಬೇಕು. ಅದು ಸಣ್ಣದಾಗುತ್ತ ಹೋಗಿ ಇಲ್ಲವಾಗುವ ಹೊತ್ತಿಗೆ, ಅಭ್ಯಾಸವಿದ್ದವರಿಗೆ ಇನ್ನೊಂದು ಸೂಕ್ಷ್ಮ ಶಬ್ದ ಸಿಗುತ್ತದೆ. ಒಬ್ಬರಿಗೆ ಅದು ಜೀರುಂಡೆಯ ಹಾಗೆ, ಮತ್ತೊಬ್ಬರಿಗೆ ದೂರದ ಜಾಗಟೆಯ ಹಾಗೆ. ಗುಂಪಿನಲ್ಲಿ ಎಲ್ಲರಿಗೂ ಏನಾದರೊಂದು ಕೇಳಿಸಿತ್ತು. ಹದಿನಾಲ್ಕು ತಿಂಗಳಾದರೂ ಸುಜಿತ್‌ಗೆ ಏನೂ ಕೇಳಿಸಿರಲಿಲ್ಲ.

"ನಿಮಗೆ ಅದು ಬೇಕೇ ಬೇಕು ಅಂತ ಉಂಟಲ್ಲ, ಅದೇ ದೊಡ್ಡ ಗಲಾಟೆ ಮಾರಾಯ್ರೇ," ಎಂದು ಇವಾನ್ ಒಮ್ಮೆ ನಕ್ಕಿದ್ದರು.

ಸುಜಿತ್ ನಗಲಿಲ್ಲ. ಗಲಾಟೆ ಇರುವುದು ಮನೆಯಲ್ಲಿ ಎಂದು ತೀರ್ಮಾನಿಸಿದ. ದಿನವೂ ಸಂಜೆ 6.45ರಿಂದ 7.15ರವರೆಗೆ ಯಾರೂ ಸದ್ದು ಮಾಡಬಾರದು ಎಂದಾಯಿತು. ಮೊದಲು ಟಿವಿ, ಮಿಕ್ಸಿ, ಕುಕ್ಕರ್ ನಿಂತವು. ಮೇ ತಿಂಗಳಲ್ಲಿ ಫ್ರಿಜ್ ಗುಂಯ್‌ಗುಡುತ್ತದೆ ಎಂದು ಅದರ ಪ್ಲಗ್ ಕಿತ್ತ. ಜೂನ್‌ನಿಂದ ಎಸಿಯನ್ನೂ ಆರಿಸತೊಡಗಿದ. ಬೇಸಿಗೆಯಿಡೀ ಆ ಅರ್ಧ ಗಂಟೆ ತಾಯಿ ಮಗಳು ಅಡುಗೆಮನೆಯ ನೆಲದಲ್ಲಿ ಬರಿಗಾಲಲ್ಲಿ, ಬೆವರು ಒರೆಸಿಕೊಳ್ಳುತ್ತ, ಮಾತಿಲ್ಲದೆ ಕೂರುತ್ತಿದ್ದರು. ಎರಡು ಸಲ ಪಾತ್ರೆ ಬಿದ್ದಿತ್ತು. ಎರಡು ಸಲವೂ ಸುಪ್ರೀತಾಳಿಗೆ ಬೆಲ್ಟಿನ ಏಟು ಬಿದ್ದಿತ್ತು.

ಎದುರು ಮನೆಯ ಸಕೀನ ಐವತ್ತು ದಾಟಿದವರು, ಉಳ್ಳಾಲದವರು. ಲಿಫ್ಟಿನ ಹತ್ತಿರ ಸಿಕ್ಕಾಗಲೆಲ್ಲ ತಮಾಷೆ ಮಾಡುತ್ತಿದ್ದರು. "ನಿಮ್ಮ ಮನೆಯಲ್ಲಿ ಜನ ಉಂಟಾ ಇಲ್ವಾ ಅಂತಲೇ ಗೊತ್ತಾಗುದಿಲ್ಲ ಮಾರಾಯ್ತಿ. ನಮ್ಮದು ನೋಡು, ಬಂದರಿನ ಮೀನು ಮಾರ್ಕೆಟ್. ನಿನ್ನ ಗಂಡನನ್ನು ಒಂದು ವಾರ ನಮ್ಮಲ್ಲಿ ಬಿಡು, ಸರಿಯಾಗ್ತಾನೆ."

"ಅವರು ಧ್ಯಾನ ಮಾಡ್ತಾರೆ ಸಕೀನಕ್ಕ," ಎನ್ನುತ್ತಿದ್ದಳು ಸುಪ್ರೀತಾ.

ಆ ಮಂಗಳವಾರ ಬಿಕ್ಕಳಿಕೆ ಶುರುವಾದದ್ದು ಏಳು ಗಂಟೆಗೆ. ಸುಪ್ರೀತಾ ಮಗಳಿಗೆ ನೀರು ಕುಡಿಸಿದಳು, ಬಾಯಿಗೆ ಸಕ್ಕರೆ ಹಾಕಿದಳು. ನಿಲ್ಲಲಿಲ್ಲ. ಅಂಗೈಯಿಂದ ಬಾಯಿ ಮುಚ್ಚಿ ಹಿಡಿದಳು. ಪ್ರತಿ ಬಿಕ್ಕಳಿಕೆಗೂ ಮಗುವಿನ ಇಡೀ ಮೈ ಅವಳ ತೋಳಿನೊಳಗೆ ಜಿಗಿಯುತ್ತಿತ್ತು. ಐದನೇ ನಿಮಿಷದಲ್ಲಿ ಹಾಲ್‌ನಿಂದ ಚಾಪೆ ಒದೆದ ಸದ್ದು ಕೇಳಿಸಿತು. ಸುಜಿತ್ ಬಂದವನೇ ಹೆಂಡತಿಯ ಕೂದಲು ಹಿಡಿದು ಪಕ್ಕಕ್ಕೆ ಎಳೆದ. ಅವಳ ಹಣೆ ಸಿಂಕಿನ ಕೆಳಗಿನ ಬಾಗಿಲಿಗೆ ಬಡಿಯಿತು. ಆಮೇಲೆ ಮಗಳಿಗೆ ಹೊಡೆದ. ದೀಕ್ಷಿತಾ ಗ್ಯಾಸ್ ಸಿಲಿಂಡರಿನ ಮೇಲೆ ಹೋಗಿ ಬಿದ್ದಳು.

ಅವಳು ಅಳಲಿಲ್ಲ. ಬಿಕ್ಕಳಿಕೆ ನಿಂತಿತ್ತು. ಕಿವಿಗೆ ಕೈ ಇಟ್ಟುಕೊಂಡು, "ಪಪ್ಪಾ, ಸಮ್‌ಥಿಂಗ್ ಈಸ್ ರಿಂಗಿಂಗ್," ಎಂದಳು.

ಸುಜಿತ್‌ನ ಎತ್ತಿದ ಕೈ ಹಾಗೆಯೇ ನಿಂತಿತು. "ಎಂತ ಹೇಳಿದ್ದು?"

"ಈಈಈ ಅಂತ ಬರ್ತಾ ಉಂಟು. ವೆರಿ ಥಿನ್."

"ಹೊರಗಿಂದಲಾ, ಒಳಗಿಂದಲಾ?"

"ಇನ್‌ಸೈಡ್."

ಅವನು ಮೊಣಕಾಲೂರಿ ಕೂತ. "ಜೀರುಂಡೆ ಹಾಗಾ ಮಗಾ?"

"ವಾಟ್ ಈಸ್ ಜೀರುಂಡೆ?"

ಸುಜಿತ್ ನಾಲಗೆಯಿಂದ ಜೀರುಂಡೆಯ ಸದ್ದು ಮಾಡಿ ತೋರಿಸಿದ. ಮಗಳು ಅಪ್ಪನ ಮುಖ ನೋಡಿ, "ಯಾ, ಲೈಕ್ ದಟ್," ಎಂದಳು. ಅವನು ಅವಳನ್ನು ಎತ್ತಿಕೊಂಡು ಹಾಲ್‌ಗೆ ಹೋಗಿ ಎಸಿ ಹಾಕಿದ. ಹಣೆಯಿಂದ ಇಳಿಯುತ್ತಿದ್ದ ರಕ್ತವನ್ನು ಪಾತ್ರೆಯ ಬಟ್ಟೆಯಲ್ಲಿ ಒತ್ತಿ ಹಿಡಿದು ಸುಪ್ರೀತಾ ಎದ್ದು ಬಂದಾಗ, ಅಪ್ಪ ಮಗಳು ಚಾಪೆಯ ಮೇಲೆ ಅಕ್ಕಪಕ್ಕ ಕೂತಿದ್ದರು.

ಮುಂದಿನ ಎರಡು ದಿನ ಆ ಮನೆಯಲ್ಲಿ ಯಾರಿಗೂ ಏಟು ಬೀಳಲಿಲ್ಲ. ಸುಜಿತ್ ಐಸ್‌ಕ್ರೀಮ್ ತಂದ. ಕೆಲಸದಿಂದ ಬಂದೊಡನೆ ಬೂಟು ಬಿಚ್ಚುವ ಮೊದಲೇ, "ಉಂಟಾ?" ಎಂದು ಕೇಳುತ್ತಿದ್ದ. "ಉಂಟು," ಎನ್ನುತ್ತಿದ್ದಳು ದೀಕ್ಷಿತಾ. ಅವಳ ಪಕ್ಕ ಕೂತು, ಅವಳು ಹೇಳಿದ ಹಾಗೆಯೇ ಉಸಿರಾಡಿ ನೋಡುತ್ತಿದ್ದ. ತನಗೆ ಹದಿನಾಲ್ಕು ತಿಂಗಳಲ್ಲಿ ಸಿಗದ್ದು ಮಗಳಿಗೆ ಒಂದು ಏಟಿಗೆ ಸಿಕ್ಕಿತೆಂದು ಅವನು ನಂಬಿದ್ದ. ಏಟಿನಿಂದ ಕಿವಿಗೆ ಪೆಟ್ಟಾಗಿರಬಹುದೆಂದು ಸುಪ್ರೀತಾಳಿಗೆ ಮೊದಲ ದಿನವೇ ಅನಿಸಿತ್ತು. ಅವಳು ಹೇಳಲಿಲ್ಲ. ಮನೆ ಅಷ್ಟು ತಣ್ಣಗೆ ಇದ್ದದ್ದು ಅವಳಿಗೆ ನೆನಪಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಮಗಳ ದಿಂಬಿನ ಮೇಲೆ ಹಳದಿ ನೀರಿನ ಕಲೆ ಕಂಡಿತು, ನಡುವೆ ರಕ್ತದ ಎಳೆ. ಮೈ ಬಿಸಿಯಿತ್ತು. ಎಡಗಡೆ ನಿಂತು ಮೆಲ್ಲಗೆ ಹೆಸರು ಹಿಡಿದು ಕರೆದರೆ ದೀಕ್ಷಿತಾ ತಿರುಗಲಿಲ್ಲ.

"ಅಮ್ಮ, ಪಪ್ಪನಿಗೆ ಹೇಳ್ಬೇಡ," ಎಂದಳು ಆಮೇಲೆ. "ಸೌಂಡ್ ಕಮ್ಮಿ ಆಗ್ತಾ ಉಂಟು. ಹೋದ್ರೆ ಪಪ್ಪನಿಗೆ ಕೋಪ ಬರ್ತದೆ."

ಸುಪ್ರೀತಾ ಅವಳನ್ನು ಶಾಲೆಗೆ ಕಳಿಸಲಿಲ್ಲ. ಕ್ಲಿನಿಕ್ಕಿಗೂ ಕರೆದೊಯ್ಯಲಾಗಲಿಲ್ಲ. ಮೂವರ ಎಮಿರೇಟ್ಸ್ ಐಡಿ ಕಾರ್ಡುಗಳೂ ಸುಜಿತ್‌ನ ಪರ್ಸಿನಲ್ಲೇ ಇರುತ್ತಿದ್ದವು, ಇನ್ಶೂರೆನ್ಸ್ ಇದ್ದದ್ದು ಅದರ ಮೇಲೆ. ಅವನು ಬರಲಿ, ಕೇಳುತ್ತೇನೆ ಎಂದು ಕಾದಳು.

ಶುಕ್ರವಾರ ಅರ್ಧ ದಿನದ ಕೆಲಸ. ಅವನು ಬಂದು, ಊಟ ಮಾಡಿ, 3.20ಕ್ಕೆ ಇವಾನ್‌ಗೆ ಫೋನ್ ಮಾಡಿದ. ಹೆಂಡತಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ.

"ಇವಾನ್ ಸರ್, ನನ್ನ ಮಗಳಿಗೆ ಸಿಕ್ಕಿತು."

"ಎಂತ ಸಿಕ್ಕಿತು?"

"ಶಬ್ದ. ಮೂರು ದಿನ ಆಯ್ತು, ನಿಂತದ್ದೇ ಇಲ್ಲ."

"ಅಷ್ಟು ಸಣ್ಣ ಮಗುವನ್ನು ಯಾಕೆ ಕೂರಿಸಿದ್ರಿ? ಆಡ್ಲಿಕ್ಕೆ ಬಿಡಿ. ಯಾವ ಕಡೆ ಕೇಳ್ತದಂತೆ?"

"ಎಡಗಡೆ."

"ಎಡಗಡೆ ಮಾತ್ರವಾ?"

"ಹೌದು."

"ನಾವು ಕೂತು ಕೇಳುವ ಶಬ್ದಕ್ಕೆ ಎಡ ಬಲ ಇಲ್ಲ ಸುಜಿತ್. ಅದು ತಲೆಯ ನಡುವೆ ಬರ್ತದೆ. ಒಂದೇ ಕಿವಿ ಅಂದ್ರೆ ಅದು ಕಿವಿಯ ತೊಂದರೆ. ಇವತ್ತೇ ಡಾಕ್ಟ್ರಿಗೆ ತೋರಿಸಿ. ಎಲ್ಲಿಯಾದ್ರೂ ಬಿದ್ದಿದ್ದಾಳಾ? ಪೆಟ್ಟು ಗಿಟ್ಟು?"

"ಇಲ್ಲ," ಎಂದು ಸುಜಿತ್ ಫೋನ್ ಇಟ್ಟ.

ಅವನು ಚಾಪೆಯ ಮೇಲಿದ್ದ ಮಗಳ ಎಡ ಕಿವಿಯನ್ನು ಬಗ್ಗಿ ನೋಡಿದ. ಆಮೇಲೆ, "ಅರ್ಧ ಆಗಿದೆ," ಎಂದ. "ಎಡ ತೆರೆದಿದೆ. ಬಲ ಬಾಕಿ ಉಂಟು, ಅದಕ್ಕೇ ನಡುವಿಗೆ ಬರ್ತಾ ಇಲ್ಲ."

ಅಡುಗೆಮನೆಯ ಬಾಗಿಲಲ್ಲಿದ್ದ ಸುಪ್ರೀತಾಳಿಗೆ ಅರ್ಥವಾಯಿತು. "ಅವರು ಡಾಕ್ಟ್ರಿಗೆ ತೋರಿಸಿ ಅಂತ ಹೇಳಿದ್ದು. ಕಿವಿಯಿಂದ ನೀರು ಬರ್ತಾ ಉಂಟು, ದಿಂಬು ನೋಡಿ. ಐಡಿ ಕೊಡಿ, ನಾನು ಕರ್ಕೊಂಡು ಹೋಗ್ತೇನೆ."

ಅವನು ಎದ್ದು ಬಂದು ಅವಳ ಬಾಯಿಗೆ ಮುಷ್ಟಿಯಿಂದ ಗುದ್ದಿದ. ಕೆಳತುಟಿ ಸೀಳಿತು. ಎರಡನೇ ಗುದ್ದು ಪಕ್ಕೆಗೆ ಬಿತ್ತು. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಕುಸಿದಳು. ಅವನು ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಬಾ ಮಗಾ," ಎಂದ. "ಈ ಕಡೆ ತಿರುಗಿ ನಿಲ್ಲು. ಒಂದೇ ಸಲ. ಮತ್ತೆ ಎರಡೂ ಕಡೆ ಕೇಳ್ತದೆ."

ದೀಕ್ಷಿತಾ ಬಂದು ನಿಂತಳು. ಮೂರು ದಿನ ಅಪ್ಪ ಹೇಳಿದ್ದನ್ನೆಲ್ಲ ಮಾಡಿದ್ದಳು. ಕಣ್ಣು ಮುಚ್ಚಿ, ಬಲ ಕಿವಿಯ ಮೇಲಿನ ಕೂದಲನ್ನು ತಾನೇ ಹಿಂದಕ್ಕೆ ಸರಿಸಿದಳು.

ಸುಪ್ರೀತಾ ಗ್ಯಾಸ್ ಒಲೆಯ ಮೇಲಿದ್ದ ಬೀಡುಕಬ್ಬಿಣದ ದೋಸೆ ಕಾವಲಿಯನ್ನು ಎತ್ತಿಕೊಂಡು ಬಂದು, ಅದರ ಅಂಚಿನಿಂದ ಗಂಡನ ತಲೆಯ ಹಿಂಬದಿಗೆ ಹೊಡೆದಳು. ಅವನು ಮೊಣಕಾಲಿಗೆ ಬಿದ್ದ. ಬಿದ್ದಲ್ಲಿಂದಲೇ ಅವಳ ಕಾಲು ಹಿಡಿದು ಕೆಳಗೆಳೆದು, ಎದೆಯ ಮೇಲೆ ಕೂತು ಎರಡೂ ಕೈಗಳಿಂದ ಕುತ್ತಿಗೆ ಅದುಮಿದ. ಅವನ ತಲೆಯ ರಕ್ತ ಅವಳ ಕಣ್ಣಿಗೆ ಬೀಳುತ್ತಿತ್ತು. ಕಾವಲಿ ಇನ್ನೂ ಅವಳ ಬಲಗೈಯಲ್ಲಿತ್ತು. ಮೊದಲ ಸಲ ಅವನ ಭುಜಕ್ಕೆ ಬಡಿಯಿತು, ಹಿಡಿತ ಸಡಿಲವಾಗಲಿಲ್ಲ. ಮುಂದಿನದು ಕಿವಿಯ ಮೇಲ್ಭಾಗದ ಬುರುಡೆಗೆ ಬಿತ್ತು. ಅವನು ಪಕ್ಕಕ್ಕೆ ಉರುಳಿದ. ಅವಳು ಎದ್ದು ಕೂತು ಇನ್ನೊಂದು ಹೊಡೆದಳು, ಅದು ಅವನ ಮೊಣಕೈಗೆ.

"ಅಮ್ಮಾ, ಸ್ಟಾಪ್! ಸ್ಟಾಪ್ ಇಟ್!" ಎಂದು ದೀಕ್ಷಿತಾ ಬಾಗಿಲು ತೆರೆದು ಕಿರುಚಿದಳು. ಜೂನ್ ತಿಂಗಳ ನಂತರ ಆ ಮನೆಯಿಂದ ಹೊರಗೆ ಕೇಳಿಸಿದ ಮೊದಲ ಕೂಗು ಅದು ಎಂದು ಸಕೀನ ಆಮೇಲೆ ಪೊಲೀಸರಿಗೆ ಹೇಳಿದರು.

ಸಕೀನ ಬಂದಾಗ ಸುಜಿತ್ ಸೋಫಾಕ್ಕೆ ಒರಗಿ ಕೂತು ವಾಂತಿ ಮಾಡುತ್ತಿದ್ದ. ಅವರು ಆಂಬುಲೆನ್ಸಿಗೆ ಫೋನ್ ಮಾಡಲು ತಮ್ಮ ಗಂಡನಿಗೆ ಹೇಳಿ, ತಾಯಿ ಮಗಳನ್ನು ಲಿಫ್ಟಿಗೆ ತಳ್ಳಿ, ಕೆಳಗೆ ಟ್ಯಾಕ್ಸಿ ಹಿಡಿದರು.

"ಕೇಳು ಸುಪ್ರೀತಾ," ಎಂದರು ಟ್ಯಾಕ್ಸಿಯಲ್ಲಿ. "ಮಗು ಪಾರ್ಕಿನಲ್ಲಿ ಬಿದ್ದದ್ದು ಅಂತ ಹೇಳು. ಖಲಾಸ್. ವೀಸಾ ಅವನದ್ದು. ನೀನು ಅವನ ತಲೆ ಒಡೆದಿದ್ದೀ. ಪೊಲೀಸ್ ಬಂದ್ರೆ ಇಬ್ಬರೂ ಒಳಗೆ. ಮತ್ತೆ ಈ ಬಾಲೆ ಯಾರ ಹತ್ರ ಇರುದು?"

"ನಿಮ್ಮ ಹತ್ರ," ಎಂದಳು ಸುಪ್ರೀತಾ.

ಸಕೀನ ದುಪಟ್ಟಾದ ತುದಿಯಿಂದ ಮಗುವಿನ ಮುಖ ಒರೆಸಿದರು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಐಡಿಗೆ ಕಾಯಲಿಲ್ಲ, ಡಾಕ್ಟರ್ ಸುಸನ್ ಮಗುವಿನ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಕಿವಿಯ ತಮಟೆ ಹರಿದಿತ್ತು, ಸೋಂಕು ಆಗಿತ್ತು. ಅವರು ತಾಯಿಯ ತುಟಿ ನೋಡಿದರು, ಕುತ್ತಿಗೆಯ ಬೆರಳಿನ ಗುರುತು ನೋಡಿದರು.

"ಹೇಗಾಯಿತು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ನೀವು ಹೇಳಿದ್ದನ್ನು ನಾನು ವರದಿ ಮಾಡಲೇಬೇಕು. ಅದು ತಿಳಿದು ಉತ್ತರಿಸಿ."

ದೀಕ್ಷಿತಾ ತಾಯಿಯ ಕೈ ಜಗ್ಗಿದಳು. "ಐ ಫೆಲ್," ಎಂದಳು.

"ಅವಳು ಬೀಳಲಿಲ್ಲ," ಎಂದಳು ಸುಪ್ರೀತಾ. "ಮಂಗಳವಾರ ಸಂಜೆ ಅವಳ ಅಪ್ಪ ಹೊಡೆದ. ಮೂರು ದಿನ ನಾನು ಸುಮ್ಮನಿದ್ದೆ. ಇವತ್ತು ಇನ್ನೊಂದು ಕಿವಿಗೆ ಹೊಡೆಯಲು ಬಂದ. ನಾನು ಕಾವಲಿಯಿಂದ ಅವನಿಗೆ ಮೂರೋ ನಾಲ್ಕೋ ಸಲ ಹೊಡೆದೆ." ಕಾವಲಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕೆಂದು ತಿಳಿಯದೆ ಕೈಯಿಂದ ಅದರ ಅಗಲ ತೋರಿಸಿದಳು.

ಸುಸನ್ ಬರೆದುಕೊಂಡು ಫೋನ್ ಎತ್ತಿದರು. ಪೊಲೀಸರು 5.10ಕ್ಕೆ ಬಂದರು, ಅವರಲ್ಲಿ ಒಬ್ಬರು ಮಹಿಳೆ. ಸುಜಿತ್ ಇನ್ನೊಂದು ಆಸ್ಪತ್ರೆಯಲ್ಲಿದ್ದ. ತಲೆಗೆ ಹನ್ನೊಂದು ಹೊಲಿಗೆ ಹಾಕಿಸಿಕೊಂಡ ಮೇಲೆ ಅವನನ್ನು ಬಂಧಿಸಿದರು. ಸುಪ್ರೀತಾಳ ಮೇಲೂ ಹಲ್ಲೆಯ ಪ್ರಕರಣ ದಾಖಲಾಯಿತು, ಪಾಸ್‌ಪೋರ್ಟನ್ನು ಠಾಣೆಯಲ್ಲಿ ಇರಿಸಿಕೊಂಡು ಮರುದಿನ ಅವಳನ್ನು ಬಿಟ್ಟರು. ಆ ರಾತ್ರಿ ಮಗು ಸಕೀನರ ಮನೆಗೆ ಹೋಯಿತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ದೀಕ್ಷಿತಾಳ ಶ್ರವಣ ಪರೀಕ್ಷೆ ನಡೆಯಿತು. ಎಡ ಕಿವಿಯಲ್ಲಿ ನಲವತ್ತು ಡೆಸಿಬಲ್‌ನಷ್ಟು, ಪಿಸುಮಾತು ಕೇಳಿಸದಷ್ಟು ಕೊರತೆ ಇತ್ತು. ಬಲ ಕಿವಿ ಪೂರ್ತಿ ಸರಿಯಿತ್ತು.