ಚಿಂದಿ ಕಟ್ಟಿದ ಕಂಬಿ

ಗಡಿಬಿಡಿ ಅಕ್ಕನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಆದರೆ ಆ ಸಂಜೆಯ ಗಡಿಬಿಡಿಯೇ ಬೇರೆ. ತೊಳೆದ ತಟ್ಟೆಗಳನ್ನೇ ಮತ್ತೆ ತೊಳೆದಳು. ಒಲೆ ಹಚ್ಚಿ, ಪಾತ್ರೆ ಇಡುವುದನ್ನೇ ಮರೆತಳು.

"ಏನಾಯ್ತೇ ನಿಂಗೆ? ಮೈಮೇಲೆ ಇರುವೆ ಬಿಟ್ಕೊಂಡೋರ ಥರ ಆಡ್ತಿದ್ದೀಯ," ಎಂದ ಗಂಡ.

ಅಕ್ಕನ ಕೆಲಸ ಬಟ್ಟೆ ತೊಳೆಯುವ ದೊಡ್ಡ ಘಟಕದಲ್ಲಿ. ಆಸ್ಪತ್ರೆಗಳ ಚಾದರವೆಲ್ಲ ಅಲ್ಲಿಗೇ ಬರುತ್ತದೆ. ಸರ್ಕಾರದ ಸಹಾಯಧನದಲ್ಲಿ ಹೊಸ ಇಸ್ತ್ರಿ ಯಂತ್ರ ಬಂದಿತ್ತು. ಒದ್ದೆ ಚಾದರದ ಅಂಚು ಕೊಟ್ಟರೆ ಸಾಕು, ಬಿಸಿ ರೋಲರ್ ಎಳೆದುಕೊಂಡು ಗರಿಗರಿ ಮಾಡಿ ಆಚೆ ಬಿಡುತ್ತದೆ. ರೋಲರ್ ಮುಂದೆ ಒಂದು ಕಂಬಿ. ಅದಕ್ಕೆ ಕೈ ತಾಗಿದರೆ ಯಂತ್ರ ನಿಲ್ಲಬೇಕು. ಆದರೆ ಚಾದರದ ಮೂಲೆ ಮಡಚಿಕೊಂಡು ತಾಗಿದರೂ ನಿಂತುಬಿಡುತ್ತಿತ್ತು. ನಿಂತಾಗಲೆಲ್ಲ ಒಳಗಿನ ಚಾದರ ಸುಟ್ಟು ಹಳದಿಯಾಗುತ್ತಿತ್ತು, ಮೇಲ್ವಿಚಾರಕ ಬಾಯಿಗೆ ಬಂದಂತೆ ಬೈಯುತ್ತಿದ್ದ. ಬೈಗುಳ ತಪ್ಪಲಿ ಎಂದು ಹೆಂಗಸರೆಲ್ಲ ಸೇರಿ, ಹರಿದ ಚಾದರದ ಚಿಂದಿಯಿಂದ ಕಂಬಿಯನ್ನು ಅಲ್ಲಾಡದಂತೆ ಕಟ್ಟಿದರು. ಗಂಟು ಹಾಕಿದವಳು ಅಕ್ಕನೇ.

ಅವತ್ತು ಮಧ್ಯಾಹ್ನ ಪಕ್ಕದಲ್ಲಿದ್ದ ಗೆಳತಿಯ ತೋಳಿನ ಬಟ್ಟೆ ರೋಲರಿಗೆ ಸಿಕ್ಕಿತು. ಯಂತ್ರ ನಿಲ್ಲಲಿಲ್ಲ. ಅಕ್ಕ ಅವಳ ಸೊಂಟ ಹಿಡಿದು ಎಳೆದದ್ದಕ್ಕೆ ಬಟ್ಟೆ ಹರಿದು ಕೈ ಉಳಿಯಿತು. ಇದನ್ನೆಲ್ಲ ಹೇಳಿ ಅಕ್ಕ ಗಂಡನನ್ನು ಕೇಳಿದಳು:

"ನಾಳೆ ನಮ್ಮ ಘಟಕದಲ್ಲಿ ಮಾಲೀಕರು, ಕೆಲಸದವ್ರು ಒಟ್ಟಿಗೆ ಕೂರೋ ಸಮಿತಿ ಸಭೆ ಇದೆ ಕಣ್ರೀ. ಕಾರ್ಮಿಕ ಇಲಾಖೆ ಮೇಡಂ ಬರ್ತಾರೆ. ಹೇಳ್ಲಾ, ಬೇಡ್ವಾ?"

"ಬಾಯಿ ಮುಚ್ಕೊಂಡು ಬಾ. ಅವ್ರು ಟೀ ಕುಡ್ದು, ಸಹಿ ಹಾಕಿ ಹೋಗ್ತಾರೆ. ಹೋಗೋದು ನಿನ್ ಕೆಲಸ!"

ಬಿಸ್ಕತ್ತು ಕಾರ್ಖಾನೆಯಿಂದ ಆಗಷ್ಟೇ ಬಂದ ನಾದಿನಿ ಚಪ್ಪಲಿ ಬಿಡುತ್ತಲೇ ಅಣ್ಣನ ಮೇಲೆ ಹರಿಹಾಯ್ದಳು. "ಗೊತ್ತಿಲ್ದೆ ಮಾತಾಡ್ಬೇಡ ಅಣ್ಣಾ. ನಮ್ಮ ಕಾರ್ಖಾನೆ ಸಮಿತೀಲಿ ನಾನೂ ಇದ್ದೀನಿ. ಸರ್ಕಾರ ಯಂತ್ರಕ್ಕೆ ಸುಮ್ನೆ ದುಡ್ಡು ಕೊಟ್ಟಿಲ್ಲ, ಮಾಲೀಕರಿಗೆ ಷರತ್ತು ಹಾಕಿದೆ. ಕೆಲಸದವ್ರಿಗೆ ತರಬೇತಿ ಕೊಡ್ಬೇಕು, ಜೊತೇಲಿ ಕೂರಿಸ್ಕೊಂಡು ಅವ್ರ ಮಾತು ಕೇಳ್ಬೇಕು, ತೊಂದ್ರೆ ಹೇಳಿದವ್ರನ್ನ ತೆಗೆಯೋ ಹಾಗಿಲ್ಲ. ಆದ್ರೆ ಅತ್ತಿಗೆ, ನೀವು ಹೇಳ್ದೆ ಆ ಮೇಡಂಗೇನು ಕನಸು ಬೀಳುತ್ತಾ?"

"ಗಂಟು ಹಾಕಿದ್ದು ನಾನೇ ಕಣೇ."

"ಅದನ್ನೂ ಹೇಳಿ."

ಸಭೆಯಲ್ಲಿ ಮೇಡಂ, "ಹೊಸ ಯಂತ್ರ ಹೇಗಿದೆ?" ಎಂದು ಕೇಳಿದರು. ಎಲ್ಲರೂ ನೆಲ ನೋಡಿದರು. ಅಕ್ಕ ಎದ್ದಳು.

"ಕಂಬಿ ಕಟ್ಟಿಹಾಕಿದ್ದೀವಿ ಮೇಡಂ. ಗಂಟು ನನ್ನದೇ. ನಿನ್ನೆ ಒಬ್ಬಳ ಕೈ ಹೋಗ್ತಿತ್ತು."

"ಯಾರು ಹೇಳಿದ್ದು ಕಟ್ಟೋಕೆ?" ಮಾಲೀಕರು ಸಿಡಿದರು.

"ಅದು ಆಮೇಲೆ," ಎಂದರು ಮೇಡಂ. "ಯಾಕೆ ಕಟ್ಟಬೇಕಾಯ್ತು? ಅದನ್ನ ಹೇಳಮ್ಮ."

ಅಕ್ಕ ಮಡಚುವ ಮೂಲೆಯ ಕಥೆ ಹೇಳಿದಳು. ಗೆಳತಿ ಎದ್ದು ಬೈಗುಳದ ಕಥೆ ಹೇಳಿದಳು. ಆಮೇಲೆ ಎಲ್ಲರ ಬಾಯಿಯೂ ಬಿಚ್ಚಿತು. ಮಾಲೀಕರು ಅವತ್ತೇ ಯಂತ್ರ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿದರು. ಮೂಲೆ ಮಡಚದಂತೆ ಕಂಬಿಯ ಕೆಳಗೆ ಒಂದು ತಗಡು ಕೂರಿಸಿದ್ದಾಯಿತು, ಚಿಂದಿ ಕಸಕ್ಕೆ ಹೋಯಿತು. ಮತ್ತೊಮ್ಮೆ ತರಬೇತಿ ನಡೆಯಿತು, ಈ ಸಲ ಮೇಲ್ವಿಚಾರಕನೂ ಕೂತು ಕಲಿತ. ಅಕ್ಕನ ಕೆಲಸಕ್ಕೆ ಏನೂ ಆಗಲಿಲ್ಲ.

ಮನೆಯಲ್ಲಿ ಇದನ್ನೆಲ್ಲ ಕೇಳಿದ ಗಂಡ ಮುಂದಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ ಹೇಳಿದ: "ನಮ್ಮ ಮರದ ಮಿಲ್ಲಲ್ಲಿ ಗರಗಸದ ಮುಚ್ಚಳ ಕಳಚಿಟ್ಟಿದ್ದೀವಿ. ಬೇಗ ಆಗ್ಲಿ ಅಂತ."

ದಿನಾ ತಾನು ಬುತ್ತಿ ಕಟ್ಟಿ ಇವನನ್ನು ಕಳಿಸಿದ್ದು ಅಂಥ ಗರಗಸದ ಮುಂದಕ್ಕೇ? "ಎಷ್ಟು ದಿನದಿಂದ?" ಎಂದು ಅಕ್ಕ ಕೂಗಿದಳು. "ನಾಳೆ ಮಾಲೀಕರಿಗೆ ಹೇಳ್ತೀನಿ," ಅಂದ ಅವನು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಯಂತ್ರದಲ್ಲಿ ಏನನ್ನು ಕಟ್ಟಿಹಾಕಿದ್ದೀರಿ, ಏನನ್ನು ಕಳಚಿಟ್ಟಿದ್ದೀರಿ? ನಿಮ್ಮಲ್ಲಿ ಸಮಿತಿ ಇದೆಯೇ ಎಂದು ಕೇಳಿ. ಇದ್ದರೆ ಅಲ್ಲಿ ಬಾಯಿ ಬಿಡಿ, ಇಲ್ಲದಿದ್ದರೆ ಕಾರ್ಮಿಕ ಇಲಾಖೆಯನ್ನು ವಿಚಾರಿಸಿ. ಬೈಸಿಕೊಂಡ ನೋವು ಎರಡು ದಿನಕ್ಕೆ ಮರೆತುಹೋಗುತ್ತದೆ. ಹೋದ ಕೈ ಬರುವುದಿಲ್ಲ. ನಿಮ್ಮ ಮನೆಯವರಲ್ಲೂ ಈ ರಾತ್ರಿಯೇ ಒಂದು ಮಾತು ಕೇಳಿ: ನೀವು ಕೆಲಸದ ಜಾಗದ ಯಾವ ಅಪಾಯ ಮುಚ್ಚಿಟ್ಟಿದ್ದೀರಿ?