ಮಾತು ಬಿಟ್ಟ ಪಿಟೀಲು

ಅಂತರರಾಷ್ಟ್ರೀಯ ಅಕ್ರೊಬ್ಯಾಟಿಕ್ ಜಿಮ್ನಾಸ್ಟಿಕ್ಸ್ ಸ್ಪರ್ಧೆಗೆ ಇನ್ನು ಹದಿನೇಳು ದಿನ ಇದೆ ಎನ್ನುವಾಗ ಪಿಟೀಲು ತನ್ನ ಚಿಕ್ಕಮ್ಮನ ಜೊತೆ ಮಾತು ಬಿಟ್ಟಳು. ಹದಿಮೂರು ವರ್ಷದ ಹುಡುಗಿ. ಬೆಳಗ್ಗೆ ಎದ್ದಾಗಿನಿಂದ ಕುಯ್ಯುತ್ತಲೇ ಇರುತ್ತಾಳೆಂದು ಮನೆಯವರೇ ಇಟ್ಟ ಅಡ್ಡಹೆಸರು ಅದು. ಅಂಥವಳು ಬಾಯಿಗೆ ಬೀಗ ಹಾಕಿಕೊಂಡರೆ ಬೇರೆ ಯಾರಾದರೂ ನೆಮ್ಮದಿಯ ಉಸಿರು ಬಿಡುತ್ತಿದ್ದರೇನೋ. ಚಿಕ್ಕಮ್ಮನಿಗೆ ಆ ಭಾಗ್ಯವೂ ಇರಲಿಲ್ಲ. ಏಕೆಂದರೆ ಅವರಿಬ್ಬರದು ಒಂದೇ ಜೋಡಿ. ಚಿಕ್ಕಮ್ಮ ಕೆಳಗಿನವಳು, ನಿಂತು, ಬಾಗಿ, ಮಲಗಿ ಹೊರುವವಳು. ಪಿಟೀಲು ಮೇಲಿನವಳು, ಚಿಕ್ಕಮ್ಮನ ಅಂಗೈ, ಭುಜ, ಸೊಂಟ ಯಾವುದು ಸಿಕ್ಕರೆ ಅದರ ಮೇಲೆ ಕೈಯನ್ನೋ ಕಾಲನ್ನೋ ಊರಿ, ಮೂರು ಸೆಕೆಂಡು ಅಲುಗಾಡದೆ ನಿಲ್ಲುವವಳು.

ಏರುವ ಮುನ್ನ "ಬಂದೆ", ಇಳಿಯುವ ಮುನ್ನ "ಹೊರಟೆ" ಎಂದು ಪಿಸುಗುಟ್ಟುವುದು ಆರು ವರ್ಷದಿಂದ ಅವಳ ಕೆಲಸ. ಈಗ ಅದರ ಬದಲು ಚಿಕ್ಕಮ್ಮನ ಮೈಮೇಲೆ ಬೆರಳಿನಿಂದ ಎರಡು ಸಲ ತಟ್ಟತೊಡಗಿದಳು.

"ಇದೇನು, ನಾನು ಬಾಗಿಲಾ?" ಎಂದಳು ಚಿಕ್ಕಮ್ಮ.

ಪಿಟೀಲು ಮತ್ತೆ ಎರಡು ಸಲ ತಟ್ಟಿದಳು.

ಮನೆಯಲ್ಲೂ ಅದೇ ಕಥೆ. ಉಪ್ಪಿನ ಡಬ್ಬಿ ಚಿಕ್ಕಮ್ಮನ ಮೊಣಕೈ ಪಕ್ಕದಲ್ಲೇ ಇರುತ್ತಿತ್ತು. ಪಿಟೀಲು ಮೇಜಿನ ಆ ಕಡೆ ಕೂತಿದ್ದ ಅಮ್ಮನಿಗೆ "ಉಪ್ಪು ಕೊಡೋಕೆ ಹೇಳಮ್ಮ" ಎನ್ನುತ್ತಿದ್ದಳು.

"ಏನೇ ಮಾಡ್ದೆ ಅವಳಿಗೆ?" ಎಂದು ಅಕ್ಕ ತಂಗಿಯನ್ನೇ ಗದರಿದಳು.

"ಅದನ್ನೇ ಅಕ್ಕ ನಾನೂ ಕೇಳ್ತಿರೋದು. ಬಾಯಿ ಬಿಟ್ರೆ ತಾನೇ ಗೊತ್ತಾಗೋದು."

ಚಿಕ್ಕಮ್ಮನಿಗೆ ಇಪ್ಪತ್ತನಾಲ್ಕು. ಹಗಲಿಡೀ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಆರು ತಿಂಗಳಿಂದ ಸೊಂಟದ ಮೇಲೊಂದು ನೋವು ಕೂತುಬಿಟ್ಟಿತ್ತು, ಸ್ಟೂಲಿನಿಂದ ಏಳುವಾಗ ಕಣ್ಣಲ್ಲಿ ನೀರು ಬರುವಷ್ಟು. ಅದನ್ನು ಅವಳು ತರಬೇತಿ ಕೊಡುವ ಮೇಷ್ಟ್ರಿಗೆ ಮಾತ್ರ ಹೇಳಿದ್ದಳು. "ಇದೇ ನನ್ನ ಕೊನೇ ಸ್ಪರ್ಧೆ ಮೇಷ್ಟ್ರೇ. ಪಿಟೀಲಿಗೆ ಎಲ್ಲಾ ಮುಗಿದ ಮೇಲೆ ನಾನೇ ಹೇಳ್ತೀನಿ." ಮೇಷ್ಟ್ರು ತಲೆಯಾಡಿಸಿದ್ದರು. ವಿಷಯ ಸೋರಿರಬಹುದೆಂದು ಅವಳಿಗೆ ಹೊಳೆಯಲೇ ಇಲ್ಲ.

ಸ್ಪರ್ಧೆ ನಡೆಯುವ ಊರಿಗೆ ವಿಮಾನದಲ್ಲಿ ಎಂಟು ಗಂಟೆ. ಕಿಟಕಿ ಪಕ್ಕ ಪಿಟೀಲು, ಈಚೆ ಚಿಕ್ಕಮ್ಮ, ನಡುವಿನ ಸೀಟಿನಲ್ಲಿ ಮೇಷ್ಟ್ರು. "ಕಾಲು ಸ್ವಲ್ಪ ಮಡಚಿಕೊಳ್ಳೋಕೆ ಹೇಳಿ ಮೇಷ್ಟ್ರೇ, ನಾನು ಆಚೆ ಹೋಗ್ಬೇಕು" ಎಂಬುದೇ ಆ ಎಂಟು ಗಂಟೆಯಲ್ಲಿ ಪಿಟೀಲು ಆಡಿದ ಅತಿ ಉದ್ದದ ಮಾತು. ಇಳಿಯುವ ಹೊತ್ತಿಗೆ ಚಿಕ್ಕಮ್ಮನ ಸೊಂಟ ಮರಗಟ್ಟಿತ್ತು.

ಕ್ರೀಡಾಂಗಣದಲ್ಲಿ ಹದಿನೆಂಟು ದೇಶದ ಜೋಡಿಗಳು. ಇಬ್ಬರ ಎತ್ತರದ ಅಂತರ ಮಿತಿ ಮೀರಿದರೆ ಅಂಕ ಕಳೆಯುತ್ತಾರೆ. ಅದನ್ನು ಅಳೆಯಲು ಕೂತಿದ್ದ ಅಧಿಕಾರಿ ಪಿಟೀಲನ್ನು ಎರಡು ಸಲ ಗೋಡೆಗೆ ನಿಲ್ಲಿಸಿದ, ಮೂರನೆಯ ಸಲ ಜಡೆ ಬಿಚ್ಚಿಸಿ ನಿಲ್ಲಿಸಿದ. ಮಾಡಲಿರುವ ಭಂಗಿಗಳನ್ನೆಲ್ಲ ಕಡ್ಡಿಗೊಂಬೆಗಳಾಗಿ ಬರೆದುಕೊಡುವ ಹಾಳೆಯೊಂದಿರುತ್ತದೆ. ಅದನ್ನು ನೋಡುವ ಹೆಂಗಸು, ಐದನೆಯ ಗೊಂಬೆಯ ಕಾಲು ಎತ್ತ ತಿರುಗಿದೆ ತಿಳಿಯುತ್ತಿಲ್ಲ ಎಂದು ಹಾಳೆಯನ್ನು ವಾಪಸ್ ಕೊಟ್ಟಳು. ಮೇಷ್ಟ್ರು ತಿದ್ದಿದರು. ಈಗ ಕೈ ತಿಳಿಯುತ್ತಿಲ್ಲ ಎಂದಳು.

"ನಲವತ್ತು ವರ್ಷ ಈ ಆಟ ಕಲಿತೆ. ಚಿತ್ರಕಲೆ ಕಲಿಯಬೇಕಿತ್ತು" ಎಂದು ಮೇಷ್ಟ್ರು ರಬ್ಬರಿನಿಂದ ಕಾಗದ ತೂತು ಬೀಳುವಂತೆ ಉಜ್ಜಿದರು.

ಅಭ್ಯಾಸದ ಕೋಣೆಯಲ್ಲಿ ಇವರ ಪಾಲಿಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಕೊನೆಯ ಭಂಗಿಯೇ ಎಲ್ಲಕ್ಕಿಂತ ಕಷ್ಟದ್ದು. ಚಿಕ್ಕಮ್ಮ ಹಿಂದಕ್ಕೆ ಬಾಗಿ ಅಂಗೈ ಅಂಗಾಲು ನೆಲಕ್ಕೂರಿ ಕಮಾನಾಗಬೇಕು, ಅವಳ ಸೊಂಟದ ಮೇಲೆ ಪಿಟೀಲು ಕೈಯೂರಿ ತಲೆಕೆಳಗಾಗಿ ನಿಲ್ಲಬೇಕು. ಚಿಕ್ಕಮ್ಮ ಬಾಗಿ ಕಾದಳು. "ಬಂದೆ" ಇಲ್ಲ. ಈ ಸಲ ಬೆರಳೂ ತಟ್ಟಲಿಲ್ಲ. ಇದ್ದಕ್ಕಿದ್ದಂತೆ ಪೂರ್ತಿ ಭಾರ ಬಂದು ಬಿತ್ತು.

ನೋವು ಹಿಮ್ಮಡಿಯವರೆಗೆ ಹರಿಯಿತು. ಹುಡುಗಿ ಇಳಿದ ಕೂಡಲೇ ಚಿಕ್ಕಮ್ಮ ಚಾಪೆಯ ಮೇಲೆ ಅಂಗಾತ ಮಲಗಿ ಎದೆಯ ಮೇಲೆ ಕೈ ಕಟ್ಟಿಕೊಂಡಳು.

"ಏಳಮ್ಮ, ಇನ್ನು ನಾಲ್ಕು ನಿಮಿಷ ಇದೆ" ಎಂದರು ಮೇಷ್ಟ್ರು.

"ಏಳಲ್ಲ. ಇವಳು ಮಾತಾಡೋವರೆಗೂ ಏಳಲ್ಲ."

"ಆಮೇಲೆ ಜಗಳ ಆಡ್ಕೊಳ್ಳಿ."

"ಹದಿನೇಳು ದಿನ ಸಹಿಸ್ಕೊಂಡೆ ಮೇಷ್ಟ್ರೇ. ನನ್ನ ಮೈ ಏನು ಮೆಟ್ಟಿಲಾ, ಹೇಳದೆ ಕೇಳದೆ ಹತ್ತೋಕೆ?"

ಪಕ್ಕದ ಚಾಪೆಯ ಜೋಡಿ ಆಟ ನಿಲ್ಲಿಸಿ ನೋಡಿತು. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ಒಂದು ನಿಮಿಷ ಹೋಯಿತು, ಎರಡು ಹೋಯಿತು. ಪಿಟೀಲು ಚಾಪೆಯ ಅಂಚಿಗೆ ಬಂದು ಕೂತಳು.

"ನೀನು ನನಗೆ ಹೇಳಿದ್ಯಾ?" ಎಂದಳು ಕೊನೆಗೆ. "ಬೆನ್ನು ನೋಯುತ್ತೆ, ಬಿಟ್ಟುಬಿಡ್ತೀನಿ ಅಂತ ಮೇಷ್ಟ್ರಿಗೆ ಹೇಳ್ದೆ. ಅವರು ಫೋನಲ್ಲಿ ಯಾರಿಗೋ ಹೇಳ್ತಿದ್ರು, ನಾನು ಕೇಳಿಸ್ಕೊಂಡೆ. ಆ ಬೆನ್ನಿನ ಮೇಲೆ ದಿನಾ ನಿಲ್ಲೋಳು ನಾನು ಚಿಕ್ಕಿ. ನನಗೆ ಮಾತ್ರ ಗೊತ್ತಿರಲಿಲ್ಲ."

ಮೇಷ್ಟ್ರು ಛಾವಣಿ ನೋಡಿದರು. ಹೇಳಬೇಕೆಂದು ಕೂಡಿಟ್ಟುಕೊಂಡಿದ್ದ ಬೈಗುಳಗಳಲ್ಲಿ ಒಂದೂ ಚಿಕ್ಕಮ್ಮನಿಗೆ ನೆನಪಾಗಲಿಲ್ಲ.

"ಹೇಳಿದ್ರೆ ನೀನು ಹೆದರಿ ಮೇಲೆ ಹತ್ತೋದೇ ಇಲ್ಲ ಅಂದ್ಕೊಂಡೆ" ಎಂದಳು ಮೆಲ್ಲಗೆ.

"ಎಷ್ಟು ನೋಯುತ್ತೆ?"

"ಸ್ವಲ್ಪ."

"ಸುಳ್ಳು."

"ಸರಿ, ಜಾಸ್ತೀನೇ. ಈಗ ಕೈ ಕೊಟ್ಟು ಎಬ್ಬಿಸು, ಹೆಸರು ಕೂಗ್ತಿದ್ದಾರೆ."

ಅಂಕಣದ ಮೇಲೆ ಮೊದಲ ನಾಲ್ಕು ಭಂಗಿಗಳು ನೀರು ಕುಡಿದಷ್ಟು ಸಲೀಸಾಗಿ ಬಂದವು. ಪ್ರತಿ ಸಲವೂ ಕಿವಿಯ ಬಳಿ "ಬಂದೆ", "ಹೊರಟೆ". ಕೊನೆಗೆ ಕಮಾನು. ಪಿಟೀಲು ಸೊಂಟದ ಮೇಲೆ ಕೈಯೂರಿ ಕಾಲು ಮೇಲೆತ್ತಿ ನೆಟ್ಟಗಾದಳು. ಚಿಕ್ಕಮ್ಮ ಹಲ್ಲು ಕಚ್ಚಿ ಎಣಿಸಿದಳು. ಒಂದು. ಎರಡು.

"ಹೊರಟೆ" ಎಂದಿತು ಮೇಲಿನ ದನಿ.

ಭಾರ ಇಳಿದುಹೋಯಿತು. ಮೂರು ಸೆಕೆಂಡು ತುಂಬಲಿಲ್ಲವಾದ್ದರಿಂದ ಭಂಗಿ ಲೆಕ್ಕಕ್ಕೆ ಬರಲಿಲ್ಲ. ಎಂಟರೊಳಗೆ ಬಂದಿದ್ದರೆ ಫೈನಲ್, ಇವರು ಹದಿಮೂರನೆಯವರಾದರು.

ಪರದೆಯ ಹಿಂದೆ ಚಿಕ್ಕಮ್ಮ ಹುಡುಗಿಯ ತೋಳು ಹಿಡಿದು ನಿಲ್ಲಿಸಿದಳು. "ಒಂದೇ ಒಂದು ಸೆಕೆಂಡು ಕಣೇ. ಯಾಕೆ ಇಳಿದೆ?"

"ನಿನ್ನ ಸೊಂಟ ನಡುಗ್ತಿತ್ತು. ನನ್ನ ಅಂಗೈಗೆ ಗೊತ್ತಾಯ್ತು."

"ನಡುಗಲಿ. ನಾನು ತಡ್ಕೊಳ್ತಿದ್ದೆ."

"ನಿನ್ನ ಕೈಲಾಗ್ತಿತ್ತು. ನನ್ನ ಕೈಲಾಗ್ಲಿಲ್ಲ."

ಆರು ವರ್ಷದ ಬೆವರು ಆ ಒಂದು ಸೆಕೆಂಡಿಗೆ ಹೋಯಿತಲ್ಲ ಎಂದು ಚಿಕ್ಕಮ್ಮನ ಮೈಯೆಲ್ಲ ಉರಿಯುತ್ತಿತ್ತು. ಆದರೂ ಆ ಸಿಟ್ಟನ್ನು ಇಳಿಸಲು ಜಾಗವೆಲ್ಲೂ ಸಿಗಲಿಲ್ಲ. ಹುಡುಗಿ ಆಗಲೇ ಅಮ್ಮನಿಗೆ ಫೋನ್ ಮಾಡಿ, ಒಂದೂ ಬಿಡದೆ ಎಲ್ಲ ಒಪ್ಪಿಸುತ್ತಿದ್ದಳು.

ಊರಿಗೆ ಬಂದ ಮರುದಿನವೇ ಅಕ್ಕ ತಂಗಿಯನ್ನು ಎಳೆದುಕೊಂಡು ಹೋಗಿ ವೈದ್ಯರ ಮುಂದೆ ಕೂರಿಸಿದಳು. ಬೆನ್ನುಮೂಳೆಯ ಕೆಳಭಾಗದಲ್ಲಿ ಕೂದಲೆಳೆಯಷ್ಟು ಬಿರುಕು. ಮೂರು ತಿಂಗಳು ಸೊಂಟಪಟ್ಟಿ, ಬಕೆಟ್ ಕೂಡ ಎತ್ತುವಂತಿಲ್ಲ. "ಇದರ ಮೇಲೆ ಒಬ್ಬರನ್ನ ಹೊತ್ತಿದ್ದೀರಾ?" ಎಂದು ವೈದ್ಯರು ಎರಡು ಸಲ ಕೇಳಿದರು. ಅಕ್ಕ ದಾರಿಯುದ್ದಕ್ಕೂ ಬೈದಳು.

ಮೂರು ತಿಂಗಳು ಕಳೆದ ಮೇಲೆ ಒಂದು ಸಂಜೆ ಅವಳು ತರಬೇತಿಯ ಕೋಣೆಗೆ ಸುಮ್ಮನೆ ನೋಡಿ ಬರಲೆಂದು ಹೋದಳು. ಪಿಟೀಲಿಗೆ ಹೊಸ ಜೊತೆಗಾತಿ ಸಿಕ್ಕಿದ್ದಳು, ಬೇಕರಿಯವರ ಮಗಳು, ಕಂಬದಂಥ ಹುಡುಗಿ. ಶಕ್ತಿ ಬೇಕಾದಷ್ಟಿತ್ತು, ಗಮನ ಎಲ್ಲೆಲ್ಲೋ ಇತ್ತು. ಎತ್ತುವಾಗಲೆಲ್ಲ ಕಿಸಕ್ಕೆಂದು ನಗುತ್ತಿದ್ದಳು, ಮೊಣಕೈ ಸಡಿಲ ಬಿಡುತ್ತಿದ್ದಳು. ಗೋಡೆ ಬದಿಯ ಬೆಂಚಿನಲ್ಲಿ ಕೂತು ಚಿಕ್ಕಮ್ಮ ಹತ್ತು ನಿಮಿಷ ತಡೆದುಕೊಂಡಳು.

"ಮೊಣಕೈ" ಎಂದಳು ಕೊನೆಗೆ. ಎರಡು ನಿಮಿಷದ ನಂತರ ಮತ್ತೆ, "ಮೊಣಕೈ ಅಂದ್ನಲ್ಲಮ್ಮ."

ಮೇಷ್ಟ್ರು ತಿರುಗಿ ನೋಡಿದರು. "ಅಲ್ಲಿಂದ ಕೂಗಿದ್ರೆ ನನಗೂ ತಲೆನೋವು, ಅವಳಿಗೂ ತಲೆನೋವು. ಒಂದೋ ಮನೆಗೆ ಹೋಗು, ಇಲ್ಲಾ ಇಲ್ಲಿ ಬಂದು ಹೇಳಿಕೊಡು."

ಚಿಕ್ಕಮ್ಮ ಬೆಂಚಿನ ಕೆಳಗೆ ಚಪ್ಪಲಿ ಕಳಚಿಟ್ಟು, ಚಾಪೆಯ ಕಡೆ ನಡೆದಳು.