ಪೂರ್ತಿ ಹೆಸರು

ಗಣಿತದವರಲ್ಲಿ ಒಂದು ಪದ್ಧತಿಯಿದೆ. ಬೋರ್ಡಿನ ಮೇಲೆ ಪ್ರಮೇಯ ಬರೆದು ಅದನ್ನು ಸಾಧಿಸಿದವರ ಹೆಸರು ಹಾಕುವಾಗ, ಬೇರೆಯವರದಾದರೆ ಪೂರ್ತಿ ಬರೆಯುತ್ತಾರೆ, ತಮ್ಮದೇ ಆದರೆ ಬರೀ ಮೊದಲಕ್ಷರ. ಅದು ವಿನಯ ಅಂತೆ. ಆ ಶುಕ್ರವಾರ ರಿಚರ್ಡ್‌ಸನ್ನಿನ ನಮ್ಮ ವಿಶ್ವವಿದ್ಯಾಲಯದ ಗಣಿತ ವಿಭಾಗದ ಸೆಮಿನಾರಿನಲ್ಲಿ, ಹೊರಗಿನಿಂದ ಭಾಷಣಕ್ಕೆ ಬಂದ ಕಾರ್ತಿಕೇಯ ನನ್ನ ಪ್ರಮೇಯವನ್ನು ಬರೆದು, ಪಕ್ಕದಲ್ಲಿ ‘ಕೆ.’ ಎಂದು ಹಾಕಿದ. ಎಂಥಾ ವಿನಯ! ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನ ಪಿಎಚ್‌ಡಿ ಎಂದರೆ ಅದೊಂದೇ ಪ್ರಮೇಯ. ಅದನ್ನು ತೆಗೆದರೆ ಪ್ರಬಂಧದಲ್ಲಿ ಉಳಿಯುವುದು ಪೀಠಿಕೆ ಮತ್ತು ಕೃತಜ್ಞತೆ. ಇನ್ನೂ ಎಲ್ಲೂ ಪ್ರಕಟಿಸಿರಲಿಲ್ಲ. ಬರೆಯುತ್ತಿದ್ದೆ.

ಅದು ಅವನ ಕೈಗೆ ಹೋದದ್ದು ನನ್ನ ಬಾಯಿಂದಲೇ. ಬೇಸಿಗೆಯಲ್ಲಿ ಆಸ್ಟಿನ್‌ನ ಸಮ್ಮೇಳನದಲ್ಲಿ ಚಹಾ ಬಿಡುವು. ಕಾರ್ತಿಕೇಯ ಹ್ಯೂಸ್ಟನ್‌ನಲ್ಲಿ ಪ್ರೊಫೆಸರ್, ಮೈಸೂರಿನವನು, ಮಾತಿನಲ್ಲಿ ಬೆಣ್ಣೆ. “ನೀವು ಹುಬ್ಬಳ್ಳಿಯೋರಾ? ಹಂಗಾದ್ರೆ ಕನ್ನಡದಲ್ಲೇ ಹೇಳಿ. ಕನ್ನಡದಲ್ಲಿ ಗಣಿತ ಕೇಳಿ ಎಷ್ಟು ವರ್ಷ ಆಯ್ತೋ!” ಎಂದ. ಅಷ್ಟಕ್ಕೇ ಕರಗಿಹೋದೆ. ಇಂಗ್ಲಿಷಿನಲ್ಲಾಗಿದ್ದರೆ ಒಂದೊಂದು ಮಾತನ್ನೂ ತೂಗಿ ಆಡುತ್ತಿದ್ದೆ. ಕನ್ನಡದಲ್ಲಿ, ಮನೆಗೆ ಬಂದ ನೆಂಟರಿಗೆ ಬಡಿಸಿದ ಹಾಗೆ, ಎಲ್ಲವನ್ನೂ ಬಡಿಸಿಬಿಟ್ಟೆ.

ನನ್ನ ಪ್ರಮೇಯದ ತಿರುಳು ಇಷ್ಟೇ: ಸಿಕ್ಕುಸಿಕ್ಕಾದ ದೊಡ್ಡ ಜಾಲವನ್ನು ಹಾಗೇ ಎಣಿಸಲು ಹೋದರೆ ಆಗುವುದಿಲ್ಲ. ಮೊದಲು ಸೀರೆಯ ನಿರಿಗೆ ಹಿಡಿದಂತೆ ಅದನ್ನು ಒಟ್ಟುಮಾಡಬೇಕು, ಆಮೇಲೆ ಅಂಚನ್ನಷ್ಟೇ ಎಣಿಸಿದರೆ ಸಾಕು. ನನ್ನ ದುಪಟ್ಟಾವನ್ನೇ ಬೆರಳಿನಲ್ಲಿ ಹಿಡಿದು ತೋರಿಸಿದ್ದೆ. ಪಕ್ಕದಲ್ಲಿ ನನ್ನ ಗೈಡ್ ಶ್ರೀಪತಿ ಸರ್ ಕಪ್ ಹಿಡಿದು ನಿಂತಿದ್ದರು. “ನಿರಿಗೆ! ಭೇಷ್,” ಎಂದು ನಕ್ಕಿದ್ದರು.

ಈಗ ಬೋರ್ಡಿನ ಮುಂದೆ ಕಾರ್ತಿಕೇಯ ಚಾಕ್ ಕೆಳಗಿಟ್ಟ. ಹೆಬ್ಬೆರಳು ಕಿರುಬೆರಳುಗಳ ನಡುವೆ ಗಾಳಿಯಲ್ಲೇ ನಿರಿಗೆ ಹಿಡಿದ, ಸೊಂಟಕ್ಕೆ ಸಿಕ್ಕಿಸಿದಂತೆ ಮಾಡಿದ. ಸಭೆಯೆಲ್ಲ ನಕ್ಕಿತು. ಜನ್ಮದಲ್ಲಿ ಸೀರೆ ಉಡದ ಗಂಡಸಿಗೆ ಆ ಕೈ ಎಲ್ಲಿಂದ ಬಂತು? ನಾನು ಶ್ರೀಪತಿ ಸರ್ ಕಡೆ ನೋಡಿದೆ. ಅವರು ತಮ್ಮ ಬಿಸ್ಕತ್ತನ್ನು ನೋಡುತ್ತಿದ್ದರು.

ಪ್ರತಿ ಯುಗಾದಿಗೂ ನಾನು ಉಂಡದ್ದು ಅವರ ಮನೆಯಲ್ಲಿ. ಅವರ ಹೆಂಡತಿ ಲೀಲಾವತಿ ಆಂಟಿ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಹಾಕುತ್ತಿದ್ದರು. ಈ ಚಳಿಗಾಲ ನಾನು ಕೆಲಸಕ್ಕೆ ಅರ್ಜಿ ಹಾಕಬೇಕು, ಅದಕ್ಕೆ ಸರ್ ಶಿಫಾರಸು ಬರೆಯಬೇಕು. ಮತ್ತು ಸರ್ ಹಾಗೂ ಕಾರ್ತಿಕೇಯ ಸೇರಿ ದೊಡ್ಡದೊಂದು ಪ್ರಾಜೆಕ್ಟ್ ಶುರುಮಾಡುತ್ತಿದ್ದಾರೆ ಎಂಬುದು ವಿಭಾಗಕ್ಕೆಲ್ಲ ಗೊತ್ತಿತ್ತು.

ಭಾಷಣ ಮುಗಿಯಿತು, ಚಪ್ಪಾಳೆ ಬಿತ್ತು. ಅಂದು ಸಭೆ ನಡೆಸುತ್ತಿದ್ದವರೂ ಸರ್. ನಮ್ಮಲ್ಲಿ ಮೊದಲ ಪ್ರಶ್ನೆ ವಿದ್ಯಾರ್ಥಿಗಳದ್ದು. ಕೈಯೆತ್ತಿದ್ದವಳು ನಾನೊಬ್ಬಳೇ. ಸರ್ ಕಣ್ಣು ನನ್ನನ್ನು ದಾಟಿ ಹಿಂದಿನ ಸಾಲಿಗೆ ಹೋಯಿತು. ನಾನು ಎದ್ದು ನಿಂತೆ. ಅವರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಈಗ ಬೇಡ ಕಣಮ್ಮ ನಿವೇದಿತಾ. ಆಮೇಲೆ ನಾವ್‌ನಾವೇ ಕೂತು ಮಾತಾಡೋಣ. ಅವರೂ ನಮ್ಮೋರೇ ತಾನೇ,” ಎಂದರು.

ನಮ್ಮೋರು! ಆಸ್ಟಿನ್‌ನಲ್ಲಿ ನಾನು ಮೋಸಹೋದದ್ದೂ ಅದಕ್ಕೇ.

“ಆಮ್ಯಾಲೆ ಅಂದ್ರ ಯಾವಾಗ್ರೀ ಸರ್? ನನ್ನ ಹೊಟ್ಟಿ ಮ್ಯಾಲೆ ಹೊಡದು ಮುಗದ್‌ಮ್ಯಾಲೇನ್ರೀ?” ಎಂದೆ, ಗಟ್ಟಿಯಾಗಿಯೇ. ಅವರಿಬ್ಬರನ್ನು ಬಿಟ್ಟು ಯಾರಿಗೂ ಅರ್ಥವಾಗಲಿಲ್ಲ, ಆದರೆ ಎಲ್ಲರೂ ತಿರುಗಿ ನೋಡಿದರು. ಆಗ ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಕೇಳಿದೆ: “ನನ್ನ ಪ್ರಶ್ನೆ ಶ್ರೀಪತಿ ಸರ್‌ಗೆ. ಆಸ್ಟಿನ್‌ನಲ್ಲಿ ನೀವು ಪಕ್ಕದಲ್ಲೇ ಇದ್ದಿರಿ. ಈ ನಿರಿಗೆಯನ್ನು ಯಾರು ಯಾರಿಗೆ ತೋರಿಸಿದರು?”

“ಚಹಾ ಕುಡಿಯುವಾಗ ಎಲ್ಲರೂ ಏನೇನೋ ಮಾತಾಡುತ್ತಾರೆ,” ಎಂದು ಕಾರ್ತಿಕೇಯ ನಗಲು ನೋಡಿದ. ನಾನು ಅವನ ಕಡೆ ತಿರುಗಲಿಲ್ಲ. ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

“ನನಗೆ ಸರಿಯಾಗಿ ನೆನಪಿಲ್ಲ,” ಎಂದರು.

ತಾವು ವಿದ್ಯಾರ್ಥಿಯಾಗಿದ್ದಾಗ ಕಲಿತ ಪ್ರಮೇಯಗಳ ಸಾಧನೆಗಳನ್ನು ಇಂದಿಗೂ ಚೀಟಿಯಿಲ್ಲದೆ ಬೋರ್ಡಿನ ಮೇಲೆ ಬರೆಯುವ ಮನುಷ್ಯ. ಕದ್ದವನ ಮೇಲಿನ ಸಿಟ್ಟು ಆ ಕ್ಷಣ ಸಣ್ಣದಾಗಿಬಿಟ್ಟಿತು. ಇವರ ಮನೆಯಲ್ಲಿ ಅಷ್ಟು ಯುಗಾದಿ ಉಂಡಿದ್ದೆ.

ನಾನು ಬೋರ್ಡಿನ ಹತ್ತಿರ ಹೋದೆ. ಡಸ್ಟರ್ ತೆಗೆದುಕೊಂಡು ‘ಕೆ.’ ಅಳಿಸಿದೆ. ಅಲ್ಲಿ ದಪ್ಪಕ್ಷರದಲ್ಲಿ ಬರೆದೆ: ನಿವೇದಿತಾ ಸಿದ್ರಾಮಪ್ಪ ಹೂಗಾರ. ಜಾಗ ಸಾಲದೆ ಅಪ್ಪನ ಹೆಸರು ಅವನ ಸಮೀಕರಣದ ಮೇಲೆಯೇ ಹಾದುಹೋಯಿತು. ನಮ್ಮ ಪದ್ಧತಿಯಲ್ಲಿ ಯಾರೂ ತಮ್ಮ ಹೆಸರನ್ನು ಹೀಗೆ ಬರೆದುಕೊಳ್ಳುವುದಿಲ್ಲ. ಸೊಕ್ಕು ಅಂದುಕೊಳ್ಳಲಿ. ಶಿಫಾರಸು ಇನ್ನು ಬರುವುದಿಲ್ಲವೆಂದೂ ಗೊತ್ತಿತ್ತು.

ನಾನು ಚೀಲ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ. ಅಳಿಸುವವರು ಬರಿಗೈಯಿಂದಲೇ ಅಳಿಸಲಿ ಎಂದು ಡಸ್ಟರನ್ನು ಜೊತೆಗೇ ತಂದೆ.